ಹೂಗ್ಲಿ ದಡದ 896 ಮಂದಿ

ಸೆಕ್ಟರ್ ಫೈವ್‌ನಲ್ಲಿ ಕೆಲಸ ಮಾಡೋ ಕನ್ನಡಿಗರು ವೀಕೆಂಡ್‌ನಲ್ಲಿ ಒಮ್ಮೆಯಾದರೂ ಪ್ರಿನ್ಸೆಪ್ ಘಾಟ್‌ಗೆ ಹೋಗಿರ್ತೀರಿ. ದೋಣಿ, ಝಾಲ್‌ಮುರಿ, ವಿದ್ಯಾಸಾಗರ ಸೇತುವೆ ಮುಂದೆ ಒಂದು ಸೆಲ್ಫಿ. ಇನ್ನೊಂದು ಸಲ ಹೋದಾಗ ಹೇಸ್ಟಿಂಗ್ಸ್ ಕಡೆ, ನೇಪಿಯರ್ ರಸ್ತೆವರೆಗೂ ನಡೀರಿ. ಅಲ್ಲೊಂದು ಎತ್ತರದ ಕಟ್ಟಡ ಇದೆ. ಗುಮ್ಮಟ, ಪುಟ್ಟ ಮಿನಾರು ನೋಡಿದ್ರೆ ದರ್ಗಾ ಅನ್ಸುತ್ತೆ. ಹತ್ತಿರ ಹೋದ್ರೆ ನಾಲ್ಕೂ ಕಡೆ ಹಡಗಿನ ಮೂತಿ, ಕೆಳಗೆ ಕೆತ್ತಿದ ಅಲೆಗಳು.

ಅದು ಲಾಸ್ಕರ್ ಸ್ಮಾರಕ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಹಡಗುಗಳಲ್ಲಿ ಸತ್ತ, ಅವಿಭಜಿತ ಬಂಗಾಳ ಮತ್ತು ಅಸ್ಸಾಮಿನ 896 ನಾವಿಕರದ್ದು. 1924ರಲ್ಲಿ ಗವರ್ನರ್ ಲಾರ್ಡ್ ಲಿಟ್ಟನ್ ಅನಾವರಣ ಮಾಡಿದ್ದು.

ಲಾಸ್ಕರ್‌ಗಳು ಸೈನಿಕರಲ್ಲ, ಕಾಂಟ್ರ್ಯಾಕ್ಟ್ ಮೇಲೆ ದುಡಿದವರು. ಸಿಲ್ಹೆಟ್, ನೋಆಖಾಲಿ, ಚಿತ್ತಗಾಂಗ್ ಕಡೆಯ ಹಳ್ಳಿ ಹುಡುಗರು ಕಲ್ಕತ್ತೆಗೆ ಬಂದು ಹಡಗು ಹತ್ತುತ್ತಿದ್ದರು. ಬಿಳಿ ನಾವಿಕರಿಗಿಂತ ತೀರಾ ಕಡಿಮೆ ಸಂಬಳ. ‘ಆಗಿನ ಆನ್‌ಸೈಟ್’ ಅಂತ ತಮಾಷೆ ಮಾಡಬಹುದಿತ್ತು, ನನಗೆ ಮನಸ್ಸು ಬರಲ್ಲ. ಬಹಳ ಜನ ತಳದ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಸುರಿಯೋರು. ಜರ್ಮನ್ ಸಬ್‌ಮರೀನಿನ ಟಾರ್ಪಿಡೊ ಹೊಡೆದಾಗ ಮೇಲೆ ಬರೋಕೆ ಅವರಿಗೇ ಕಷ್ಟ.

ಸಮುದ್ರದಲ್ಲಿ ಕಾಣೆಯಾದವನ ದೇಹ ಊರಿಗೆ ಬರಲ್ಲ. ಹಾಗಿದ್ರೆ ಮನೆಯವರು ತಿಥಿ ಯಾವತ್ತು ಮಾಡ್ಬೇಕು? ಕುರಾನ್ ಯಾವತ್ತು ಓದಿಸ್ಬೇಕು? ಹೆಂಡತಿ ಎಷ್ಟು ವರ್ಷ ಬಾಗಿಲು ನೋಡ್ಬೇಕು? ಸತ್ತ ಅಂದ್ರೆ ಅತ್ತು ಮುಗಿಸಬಹುದು. ಕಾಣೆಯಾದ ಅಂದ್ರೆ ಅಳೋದಕ್ಕೂ ಅಳುಕು.

ನಮ್ಮಲ್ಲಿ ವೀರಗಲ್ಲು ನಿಲ್ಲಿಸೋ ರೂಢಿ ಇತ್ತಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ದಾರಿಗೆ ಹತ್ತಿರದಲ್ಲೇ ಬೇಗೂರು. ಅಲ್ಲಿನ ಸುಮಾರು 890ರ ಶಾಸನ ‘ಬೆಂಗಳೂರು ಕಾಳಗ’ದಲ್ಲಿ ಮಡಿದ ಬುಟ್ಟಣಸೆಟ್ಟಿಯ ಹೆಸರು ಹೇಳುತ್ತೆ. ಸಾವಿರ ವರ್ಷ ದಾಟಿದರೂ ಹೆಸರು ಉಳಿದಿದೆ. ನೂರು ವರ್ಷದ ಈ ಸ್ಮಾರಕದ ಮುಂದೆ ನಿಂತರೆ ನಮ್ಮ ಕೈಗೆ ಸಿಗೋದು ಒಂದು ಸಂಖ್ಯೆ.

ಅದೂ ಹಾಳು ಬಿದ್ದಿತ್ತು. 1994ರಲ್ಲಿ ನೌಕಾಪಡೆಯ ಕಮೋಡೋರ್ ಬಿಭು ಮೊಹಾಂತಿ ಅನ್ನೋರು ಮುತುವರ್ಜಿ ವಹಿಸಿ ದುರಸ್ತಿ ಮಾಡಿಸಿದರು.

ಹೆಸರುಗಳನ್ನ ಓದ್ಬೇಕು ಅಂದ್ರೆ ಮುಂಬೈಗೆ ಹೋಗ್ಬೇಕು. ಮಸ್ಜಿದ್ ಬಂದರ್‌ನ ನಾವಿಕರ ವಸತಿಗೃಹದಲ್ಲಿ, ಆ ಯುದ್ಧದಲ್ಲಿ ಸಮುದ್ರವೇ ಸಮಾಧಿಯಾದ 2,000ಕ್ಕೂ ಹೆಚ್ಚು ನಾವಿಕರ ಪಟ್ಟಿ ಇದೆ. ಮುಂಬೈ ಆಫೀಸಿನಲ್ಲಿರೋ ಗೆಳೆಯರು ಯಾರಾದ್ರೂ ಒಂದು ಶನಿವಾರ ಹೋಗಿ ನೋಡಿ, ಕಾಮೆಂಟ್‌ನಲ್ಲಿ ಬರೀರಿ.