ಕಾಲೇಜಿನ ನಡುವೆ ಒಂದು ವರ್ಷ

(ವಿದ್ಯಾರ್ಥಿಗಳೂ ಅಧ್ಯಾಪಕರೂ ಪಾಲಕರೂ ಕೂಡಿದ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಈ ದಿನ ನಮಗೆ ಒಪ್ಪಿಸಿದ ವಿಷಯವು ಹೆಸರಿನಿಂದ ಸಣ್ಣದು. ಮನೆಯೊಳಗೆ ಹೊಕ್ಕ ಬಳಿಕ ದೊಡ್ಡದು. ಪದವಿಯ ಎರಡನೆಯ ಇಲ್ಲವೆ ಮೂರನೆಯ ವರ್ಷದಲ್ಲಿರುವ ವಿದ್ಯಾರ್ಥಿಯು ಹಿಡಿದ ಓದನ್ನು ನಡುವೆ ನಿಲ್ಲಿಸಿ ಒಂದು ವರ್ಷದ ಮಟ್ಟಿಗೆ ಹೊರಗೆ ಉಳಿಯಬಹುದೇ ಎಂಬುವದೇ ಆ ವಿಷಯ. ಈ ಮಾತು ಮನೆಯಲ್ಲಿ ಎದ್ದ ದಿನ ತಂದೆಯವರು ‘ವರ್ಷ ಹಾಳಾಯಿತು’ ಅನ್ನುತ್ತಾರೆ. ತಾಯಿಯವರು ನೆರೆಹೊರೆಯವರು ಏನಂದಾರೆಂದು ಅಳುಕುತ್ತಾರೆ. ಮಗನೋ ಮಗಳೋ ‘ಇನ್ನು ನನ್ನಿಂದಾಗದು’ ಎಂದು ಬಾಗಿಲಿಕ್ಕಿಕೊಂಡು ಕೂಡುವದುಂಟು. ಎರಡೂ ಪಕ್ಷದವರ ಮಾತು ಕೇಳುವದು ನಮ್ಮ ಕಸುಬು. ಆದರೂ ಇಬ್ಬರಿಗೂ ಅರ್ಧರ್ಧ ಗೆಲುವನ್ನು ಹಂಚಿ ಕೊಟ್ಟು ಮನೆಗೆ ಹೋಗುವ ಉದ್ದೇಶದಿಂದ ನಾವು ಇಲ್ಲಿಗೆ ಬಂದಿಲ್ಲ. ಈ ವಿಷಯದಲ್ಲಿ ನಮಗೊಂದು ಅಭಿಪ್ರಾಯವಿದೆ. ಅದನ್ನು ಹೇಳಿಯೇ ಹೋಗುವೆವು.

ಓದಿನ ನಡುವೆ ನಿಲ್ಲುವದು ಈ ಕಾಲದ ಎಳೆಯರ ಚಾಪಲ್ಯವೆಂದು ಹಿರಿಯರು ಆಡಿಕೊಳ್ಳುವದನ್ನು ನಾವು ಕೇಳಿದ್ದೇವೆ. ಇದು ಸರಿಯಲ್ಲ. ನಮ್ಮ ರಾಷ್ಟ್ರಸಭೆಯೇ ವಿದ್ಯಾರ್ಥಿಗಳನ್ನು ಕಾಲೇಜಿನಿಂದ ಹೊರಗೆ ಕರೆದ ಕಾಲವೊಂದಿತ್ತು. ೧೯೨೦ನೆಯ ಸಪ್ಟಂಬರದಲ್ಲಿ ಕಲಕತ್ತೆಯ ವಿಶೇಷಾಧಿವೇಶನವು ಅಸಹಕಾರವನ್ನು ಒಪ್ಪಿಕೊಂಡಾಗ ಸರಕಾರದ ಶಾಲೆ ಕಾಲೇಜುಗಳಿಂದ ಮಕ್ಕಳನ್ನು ಕ್ರಮಕ್ರಮವಾಗಿ ಬಿಡಿಸಬೇಕೆಂದು ಹೇಳಿತು. ಅದೇ ವರ್ಷದ ಡಿಸೆಂಬರದಲ್ಲಿ ನಾಗಪುರಕ್ಕೆ ಬರುವಷ್ಟರಲ್ಲಿ ಈ ನಿಧಾನವು ಹೊರಟುಹೋಯಿತು. ಹದಿನಾರು ವರ್ಷ ತುಂಬಿದವರು, ಅಲ್ಲಿ ಕಲಿಯುವದು ತಮ್ಮ ಮನಸ್ಸಾಕ್ಷಿಗೆ ಒಗ್ಗದಿದ್ದರೆ, ಮುಂದಿನ ಪರಿಣಾಮವನ್ನು ನೋಡದೆ ಹೊರಬೀಳಬೇಕೆಂಬ ಕರೆ ಹೊರಟಿತು. ಒಂದು ವರ್ಷದೊಳಗೆ ಸ್ವರಾಜ್ಯವೆಂದು ಗಾಂಧೀಜಿಯವರು ಸಾರಿದ್ದರು. ಅನೇಕ ತರುಣರು ತಾವು ಬಿಡುವದು ಒಂದೇ ವರ್ಷವೆಂದು ನಂಬಿಯೇ ಪುಸ್ತಕ ಕಟ್ಟಿಟ್ಟಿದ್ದರೆ ಆಶ್ಚರ್ಯವಿಲ್ಲ. ಹೊರಗೆ ಬಂದವರಿಗೆ ನಿಲ್ಲಲು ನೆಲೆ ಬೇಕೆಂಬ ವಿವೇಕವು ಅಂದಿನ ಹಿರಿಯರಿಗೂ ಇದ್ದಿತು. ೧೯೨೦ರ ಅಕ್ಟೋಬರದಲ್ಲಿ ಗುಜರಾತ ವಿದ್ಯಾಪೀಠ, ೧೯೨೧ರ ಫೆಬ್ರುವರಿಯಲ್ಲಿ ಕಾಶೀ ಮತ್ತು ಬಿಹಾರ ವಿದ್ಯಾಪೀಠಗಳು ಹುಟ್ಟಿದ್ದು ಇದೇ ಕಾರಣದಿಂದ.

ವರ್ಷವು ಕಳೆಯಿತು. ೧೯೨೨ರ ಫೆಬ್ರುವರಿಯಲ್ಲಿ ಚೌರಿಚೌರಾದ ಘಟನೆಯ ಮೇಲೆ ಚಳವಳಿಯು ನಿಂತಿತು. ಹೊರಬಿದ್ದವರಲ್ಲಿ ಬಹಳ ಜನ ತಾವು ಬಿಟ್ಟ ಕಾಲೇಜುಗಳಿಗೇ ತಿರುಗಿ ಹೋದರು. ಹೋಗದವರ ಗತಿಯೇನಾಯಿತು? ಜಯಪ್ರಕಾಶ ನಾರಾಯಣರು ೧೯೨೧ರಲ್ಲಿ, ಪರೀಕ್ಷೆಗೆ ಇನ್ನು ಕೆಲವೇ ದಿನ ಉಳಿದಾಗ, ಪಾಟಣಾ ಕಾಲೇಜನ್ನು ಬಿಟ್ಟರು. ಬಿಹಾರ ವಿದ್ಯಾಪೀಠದಿಂದ ಇಂಟರ್ ಪರೀಕ್ಷೆ ಮುಗಿಸಿದರು. ವಿಜ್ಞಾನದ ಮುಂದಿನ ಓದಿಗೆ ಅಲ್ಲಿ ಅನುಕೂಲವಿರಲಿಲ್ಲ. ಸರಕಾರದ ಹಣ ಪಡೆಯುವ ವಿದ್ಯಾಲಯದ ಮೆಟ್ಟಿಲು ಹತ್ತಲು ಅವರ ಮನಸ್ಸು ಒಪ್ಪಲಿಲ್ಲ. ೧೯೨೨ರಲ್ಲಿ ಅಮೇರಿಕೆಗೆ ಹೋಗಿ, ಹಣ್ಣಿನ ತೋಟಗಳಲ್ಲಿ ದುಡಿದು, ಊಟದ ಮನೆಗಳಲ್ಲಿ ತಟ್ಟೆ ತೊಳೆದು, ಒಂದು ವಿಶ್ವವಿದ್ಯಾಲಯದಿಂದ ಮತ್ತೊಂದಕ್ಕೆ ತಿರುಗಿ, ಎಂ. ಎ. ಮುಗಿಸಿ ಮರಳಿ ಬಂದದ್ದು ೧೯೨೯ರಲ್ಲಿ. ಪಾಟಣೆಯಲ್ಲಿ ನಿಂತ ಓದು ಎಂಟು ವರ್ಷಗಳ ಮೇಲೆ ಬೇರೊಂದು ಖಂಡದಲ್ಲಿ ಮುಗಿಯಿತು.

ನಮ್ಮವರೇ ಆದ ಶಿವರಾಮ ಕಾರಂತರು ೧೯೨೨ರಲ್ಲಿ ಕಾಲೇಜು ಬಿಟ್ಟವರು ಮರಳಿ ಅತ್ತ ಹೋಗಲೇ ಇಲ್ಲ. ಹೋಗದೆಯೇ ‘ಬಾಲಪ್ರಪಂಚ’ವನ್ನು ಬರೆದರು, ೧೯೭೭ರಲ್ಲಿ ಜ್ಞಾನಪೀಠವನ್ನು ಪಡೆದರು. ಇಂಥ ಹೆಸರುಗಳನ್ನು ಕೇಳಿದೊಡನೆ ತರುಣರ ಕಣ್ಣು ಅರಳುತ್ತದೆಂಬುವದು ನಮಗೆ ಗೊತ್ತು. ಆದರೆ, ಮಿತ್ರರೇ, ನ್ಯಾಯಾಸನದ ಮುಂದೆ ಒಬ್ಬ ಅಸಾಧಾರಣ ಮನುಷ್ಯನ ನಡೆಯನ್ನು ಸಾಧಾರಣ ನಿಯಮಕ್ಕೆ ಸಾಕ್ಷಿಯೆಂದು ತರಲು ಬಾರದು. ಕಾಲೇಜು ಬಿಟ್ಟು ಕಾರಂತರಾದವರೊಬ್ಬರು. ಕಾಲೇಜು ಬಿಟ್ಟು ಹೆಸರಿಲ್ಲದೆ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನಮ್ಮ ವಿಷಯಕ್ಕೆ ಇವೆರಡಕ್ಕಿಂತ ಹತ್ತಿರದ ಉದಾಹರಣೆಯು ಸುಭಾಷಚಂದ್ರ ಬೋಸರದು. ೧೯೧೬ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓಟನ್ ಎಂಬ ಪ್ರಾಧ್ಯಾಪಕರ ಮೇಲೆ ವಿದ್ಯಾರ್ಥಿಗಳು ಕೈಮಾಡಿದ ಪ್ರಕರಣದಲ್ಲಿ ಅವರನ್ನು ಹೊರಗೆ ಹಾಕಲಾಯಿತು. ಇದು ತಾವಾಗಿ ತೆಗೆದುಕೊಂಡ ಬಿಡುವಲ್ಲ, ತಲೆಯ ಮೇಲೆ ಬಿದ್ದದ್ದು. ಅವರು ಕಟಕಕ್ಕೆ, ತಮ್ಮ ಮನೆಗೆ, ಬಂದರು. ಬಂದು ಸುಮ್ಮನೆ ಕೂಡಲಿಲ್ಲ. ವಾಂತಿಭೇದಿ ಸಿಡುಬುಗಳಿಂದ ನರಳುವವರ ಆರೈಕೆಗೆ ತರುಣರೊಡನೆ ಹೊರಟರು. ವರ್ಷ ಕಳೆದ ಮೇಲೆ, ೧೯೧೭ರಲ್ಲಿ, ವಿಶ್ವವಿದ್ಯಾಲಯದ ಅಪ್ಪಣೆಯಾಯಿತು. ಸ್ಕಾಟಿಷ್ ಚರ್ಚ್ ಕಾಲೇಜಿನ ಮುಖ್ಯಸ್ಥರಾದ ಡಾಕ್ಟರ ಅರ್ಕರ್ಟರು ಸೇರಿಸಿಕೊಳ್ಳಲು ಒಪ್ಪಿದರು. ಆದರೆ ಮೊದಲಿನ ಕಾಲೇಜಿನ ಪ್ರಾಂಶುಪಾಲರಿಂದ ತಮ್ಮ ಅಭ್ಯಂತರವಿಲ್ಲವೆಂಬ ಚೀಟಿಯೊಂದನ್ನು ಕೇಳಿದರು. ಅಣ್ಣನವರಾದ ಶರಚ್ಚಂದ್ರ ಬೋಸರು ತಾವೇ ಹೋಗಿ ಪ್ರಾಂಶುಪಾಲರನ್ನು ಕಂಡು ಆ ಕೆಲಸವನ್ನು ಮಾಡಿಕೊಟ್ಟರು. ೧೯೧೯ರಲ್ಲಿ ತಮ್ಮನು ತತ್ವಶಾಸ್ತ್ರದಲ್ಲಿ ಮೊದಲನೆಯ ವರ್ಗದಿಂದ ಬಿ. ಎ. ಮುಗಿಸಿದನು.

ಈ ಕಥೆಯಲ್ಲಿ ಕೇಳುವವರು ಸಾಮಾನ್ಯವಾಗಿ ರೋಗಿಗಳ ಆರೈಕೆಯನ್ನು ನೆನಪಿಡುತ್ತಾರೆ. ನಾವು ವಕೀಲರಾದ್ದರಿಂದಲೋ ಏನೋ, ನಮ್ಮ ದೃಷ್ಟಿಯು ಆ ಚೀಟಿಯ ಮೇಲೆ ನಿಂತಿತು. ಮರಳುವ ದಾರಿಗೆ ಒಂದು ಕಾಗದ ಬೇಕಾಯಿತು. ಆ ಕಾಗದವನ್ನು ತರಲು ಒಬ್ಬ ಅಣ್ಣ ಬೇಕಾಯಿತು. ೧೯೪೨ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಓದನ್ನು ನಿಲ್ಲಿಸಿ ಸೆರೆಮನೆಗೆ ಹೋದ ಎಚ್. ನರಸಿಂಹಯ್ಯನವರೂ ಬಿಡುಗಡೆಯಾದ ಮೇಲೆ ಮರಳಿ ಬಂದು ಭೌತಶಾಸ್ತ್ರವನ್ನೇ ಮುಗಿಸಿದರು. ೧೯೭೦ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಮರಳಲು ಕಾಲೇಜು ಉಳಿದಿತ್ತು, ಮರಳುವ ಮನಸ್ಸೂ ಉಳಿದಿತ್ತು.

ಆದಕಾರಣ ನಮ್ಮ ಅಭಿಪ್ರಾಯವು ಇದು: ವರ್ಷ ಬಿಡಬಹುದೇ ಎಂದು ಕೇಳುವ ಮೊದಲು, ಮರಳುವ ಬಾಗಿಲು ತೆರೆದಿದೆಯೇ, ಅದನ್ನು ತೆರೆದು ಹಿಡಿಯುವವರು ಯಾರು ಎಂದು ಕೇಳಬೇಕು. ಇದಕ್ಕೆ ಉತ್ತರ ಸಿಕ್ಕರೆ ಬಿಡುವದರಲ್ಲಿ ಅಂಜಿಕೆಯಿಲ್ಲ. ಸಿಗದಿದ್ದರೆ, ಕಾಯಿಲೆಯೊಂದರ ಹೊರತು, ಬಿಡಬಾರದು.

ಬಾಗಿಲು ಈಗ ವಿಶಾಲವಾಗಿದೆಯೆಂದು ಕೆಲವರು ಹೇಳುತ್ತಾರೆ. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಒಂದು ವರ್ಷ ಮುಗಿಸಿ ಹೊರಬಿದ್ದವರಿಗೆ ಪ್ರಮಾಣಪತ್ರ, ಎರಡು ಮುಗಿಸಿದವರಿಗೆ ಡಿಪ್ಲೋಮಾ, ಮೂರಕ್ಕೆ ಪದವಿ ಎಂಬ ಏರ್ಪಾಡನ್ನು ಸೂಚಿಸಿತು. ೨೦೨೧ರಲ್ಲಿ ಯು. ಜಿ. ಸಿ. ಯವರು ಗಳಿಸಿದ ಕ್ರೆಡಿಟ್ಟುಗಳನ್ನು ಹಣದಂತೆ ಜಮಾ ಇಡುವ ಕ್ರೆಡಿಟ್ಟು ಬ್ಯಾಂಕಿನ ನಿಯಮಗಳನ್ನು ಹೊರಡಿಸಿದರು. ಜಮೆಯ ಅವಧಿಯು ಹೆಚ್ಚೆಂದರೆ ಏಳು ವರ್ಷ. ಕಾಗದದ ಮೇಲೆ ಇದು ಒಳ್ಳೆಯದು. ಆದರೆ ಕರ್ನಾಟಕವು ೨೦೨೧-೨೨ರಲ್ಲಿ ಈ ನೀತಿಯನ್ನು ಎಲ್ಲರಿಗಿಂತ ಮೊದಲು ಅಪ್ಪಿಕೊಂಡಿತು. ೨೦೨೪-೨೫ರಿಂದ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನಾಲ್ಕು ವರ್ಷದೊಳಗೆ ಎರಡು ಪದ್ಧತಿ! ಇದರ ಗುಣದೋಷವನ್ನು ಬೇರೊಂದು ಸಭೆಯಲ್ಲಿ ವಿಚಾರಿಸೋಣ. ನಮ್ಮ ವಿಷಯಕ್ಕೆ ಬೇಕಾದಷ್ಟೇ ಹೇಳುವದಾದರೆ, ಬೇರೆ ರಾಜ್ಯದಲ್ಲಿ ಓದುವ ಗೆಳೆಯನು ಫೋನಿನಲ್ಲಿ ಹೇಳಿದ ನಿಯಮವು ನಿಮಗೆ ಸಲ್ಲದಿರಬಹುದು. ನಿಮಗಿಂತ ಎರಡು ವರ್ಷ ಮುಂದಿದ್ದ ನಿಮ್ಮ ಸ್ವಂತ ಅಣ್ಣನಿಗೆ ಸಂದ ನಿಯಮವೂ ಸಲ್ಲದಿರಬಹುದು. ನೀವು ಸೇರಿದ ವರ್ಷದ ನಿಯಮಾವಳಿಯನ್ನೇ ತೆಗೆಸಿ ಓದಬೇಕು. ವರ್ಷ ಬಿಟ್ಟು ಬಂದಾಗ ಪಠ್ಯಕ್ರಮವು ಬದಲಾಗಿದ್ದರೆ ಏನು ಮಾಡುವರೆಂದೂ ಕೇಳಬೇಕು.

ನಮ್ಮ ಕಚೇರಿಗೆ ಬಂದ ಒಂದು ಪ್ರಸಂಗವನ್ನು ಹೇಳುವೆವು. ಊರೂ ಕಾಲೇಜೂ ಹೆಸರಿಲ್ಲದೆ ಇರಲಿ. ಒಬ್ಬ ತರುಣನು ಎರಡನೆಯ ವರ್ಷದಲ್ಲಿ ತಂದೆಯವರ ಶಸ್ತ್ರಚಿಕಿತ್ಸೆಯ ನಿಮಿತ್ತ ಊರಿಗೆ ಹೋಗಬೇಕಾಯಿತು. ವರ್ಷ ಬಿಟ್ಟು ಬರುತ್ತೇನೆಂದು ಕಾಲೇಜಿನ ಕಚೇರಿಯಲ್ಲಿ ಹೇಳಿದನು. ಅಲ್ಲಿಯ ಗುಮಾಸ್ತರು, ‘ಹಾಗಾದರೆ ಟಿ. ಸಿ. ತಗೊಂಡು ಹೋಗು, ಬಂದಾಗ ನೋಡೋಣ’ ಎಂದರು. ಹುಡುಗನು ಸಹಿ ಹಾಕಿ ತೆಗೆದುಕೊಂಡು ಹೋದನು. ಮರುವರ್ಷ ಬಂದಾಗ ‘ನೀನು ಬಿಟ್ಟುಹೋದವನು, ನಿನ್ನ ಜಾಗ ತುಂಬಿದೆ’ ಎಂಬ ಉತ್ತರ ದೊರೆಯಿತು. ಬಾಯಿಮಾತಿನ ಹೊರತು ಅವನ ಕೈಯಲ್ಲಿ ಏನೂ ಇರಲಿಲ್ಲ. ಎದುರು ಪಕ್ಷದಲ್ಲಿ ಅವನದೇ ಸಹಿಯಿತ್ತು. ಇಂಥ ದಾವೆಯಲ್ಲಿ ಎಂಥ ವಕೀಲನಾದರೂ ಏನು ವಾದ ಮಾಡಿಯಾನು? ಕೊನೆಗೆ ಬೇರೊಂದು ಊರಿನ ಕಾಲೇಜಿನಲ್ಲಿ ಮೊದಲನೆಯ ವರ್ಷದಿಂದ ಆರಂಭಿಸಿದನು. ತಂದೆಯವರಿಗಾಗಿ ಅವನು ಬಿಟ್ಟದ್ದು ಒಂದು ವರ್ಷ. ಆ ಸಹಿಯಿಂದ ಹೋದದ್ದು ಮೂರು.

ಇನ್ನು ಕಾರಣಗಳನ್ನು ನೋಡೋಣ. ದೇಹದ ಇಲ್ಲವೆ ಮನಸ್ಸಿನ ಕಾಯಿಲೆಯಿದ್ದರೆ ಚರ್ಚೆಯೇ ಬೇಡ. ಕಾಲು ಮುರಿದವನನ್ನು ನಡೆಯೆಂದು ಯಾರೂ ಹೇಳರು. ರಾತ್ರಿ ನಿದ್ರೆಯಿಲ್ಲದೆ, ಅನ್ನ ಸೇರದೆ, ಬದುಕೇ ಬೇಡವೆನ್ನುವ ಮಗುವಿಗೆ ‘ಪರೀಕ್ಷೆ ಮುಗಿಸಿಬಿಡು’ ಅನ್ನುವ ತಂದೆತಾಯಿಗಳನ್ನು ಮಾತ್ರ ನಾವು ಕಂಡಿದ್ದೇವೆ. ಮೊದಲು ವೈದ್ಯರು, ಆಮೇಲೆ ಪರೀಕ್ಷೆ. ವೈದ್ಯರ ಪತ್ರವು ಮುಂದೆ ಕಾಲೇಜಿನಲ್ಲಿಯೂ ಉಪಯೋಗಕ್ಕೆ ಬರುವದು. ಮನೆಯಲ್ಲಿ ಹಣವಿಲ್ಲದ ಕಾರಣ ಒಂದು ವರ್ಷ ದುಡಿದು ಬರುವೆನೆನ್ನುವವನ ಮಾತು ಕೇಳಲು ಗಂಭೀರವಾಗಿದೆ, ಆದರೆ ಇಲ್ಲಿ ನಮಗೆ ಬಹಳ ಸಂಶಯ. ತಿಂಗಳ ಸಂಬಳವು ಮನೆಗೆ ಬರಹತ್ತಿದ ಮೇಲೆ ಮನೆಯ ಖರ್ಚು ಅದರ ಮೇಲೆ ನಿಲ್ಲುತ್ತದೆ. ಜೂನ್ ತಿಂಗಳು ಬಂದಾಗ ‘ಇನ್ನೊಂದು ವರ್ಷ ತಾಳು’ ಎಂದು ಹೇಳುವವರು ಮನೆಯವರೇ. ವಿದ್ಯಾರ್ಥಿವೇತನವನ್ನು ವರ್ಷವರ್ಷವೂ ನವೀಕರಿಸಿಕೊಳ್ಳಬೇಕು. ಸರಕಾರಿ ವಸತಿಗೃಹದ ಜಾಗವು ಕಾಯುತ್ತ ಕೂಡುವದಿಲ್ಲ. ಅಂಥವನು ವರ್ಷ ಬಿಡುವದಕ್ಕಿಂತ ಅಧ್ಯಾಪಕರ ಮುಂದೆ ಸಂಕೋಚವಿಲ್ಲದೆ ತನ್ನ ಸ್ಥಿತಿಯನ್ನು ಹೇಳುವದು ಮೇಲು. ಸ್ಪರ್ಧಾಪರೀಕ್ಷೆಗೆ ಓದಲು ಪದವಿಯನ್ನೇ ನಿಲ್ಲಿಸುವದಂತೂ ಮನೆಯ ಗೋಡೆ ಕೆಡವಿ ಮಾಳಿಗೆ ಕಟ್ಟಿದಂತೆ. ಆ ಪರೀಕ್ಷೆಗಳಲ್ಲಿ ಹೆಚ್ಚಿನವು ಪದವಿಯನ್ನೇ ಕೇಳುತ್ತವೆ.

‘ನನಗೆ ಈ ವಿಷಯವೇ ಬೇಡವಾಗಿದೆ, ನನ್ನ ಮನಸ್ಸು ಎತ್ತ ಎಂದು ತಿಳಿದುಕೊಳ್ಳಬೇಕು’ ಎನ್ನುವವನನ್ನು ನಾವು ಹಗುರಾಗಿ ಕಾಣುವದಿಲ್ಲ. ಅವನಿಗೆ ಒಂದೇ ಪ್ರಶ್ನೆ: ಹೊರಗೆ ಹೋಗಿ ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡುವಿ? ಬಡಿಗತನವೋ, ಹೊಲವೋ, ಪತ್ರಿಕೆಯ ಕೆಲಸವೋ, ಏನಾದರೊಂದನ್ನು ಹೆಸರಿಟ್ಟು ಹೇಳಲು ಬಂದರೆ ಹೋಗಲಿ. ಬಾರದಿದ್ದರೆ ಆ ವರ್ಷವನ್ನು ಅಂಗೈಯೊಳಗಿನ ಫೋನು ನುಂಗುವದು.

ಈಗ ಸೋದರಿಯರ ಮಾತು. ಇದನ್ನು ಹೇಳಲೇಬೇಕೆಂದೇ ನಾವು ಈ ಆಮಂತ್ರಣವನ್ನು ಒಪ್ಪಿಕೊಂಡೆವು. ಗಂಡುಮಗನು ವರ್ಷ ಬಿಟ್ಟರೆ ಅವನನ್ನು ‘ಸುಮ್ಮನೆ ಕೂತಿದ್ದಾನೆ’ ಅನ್ನುತ್ತಾರೆ. ಹೆಣ್ಣುಮಗಳು ಬಿಟ್ಟರೆ ‘ಓದು ಮುಗಿಯಿತು’ ಅನ್ನುತ್ತಾರೆ, ಮೂರು ತಿಂಗಳೊಳಗೆ ವರನನ್ನು ನೋಡಲು ಹೊರಡುತ್ತಾರೆ. ಎರಡನೆಯ ವರ್ಷದ ಹುಡುಗಿಗೆ ಹದಿನೆಂಟು ತುಂಬಿರುತ್ತದೆ. ಬಾಲ್ಯವಿವಾಹವನ್ನು ತಡೆಯುವ ೨೦೦೬ರ ಕಾಯದೆಯು ಅವಳ ನೆರವಿಗೆ ಬಾರದು. ಹದಿನೆಂಟು ತುಂಬಿದವಳು ತನ್ನ ಅರ್ಜಿಗೆ ತಾನೇ ಸಹಿ ಹಾಕಬಲ್ಲಳೆಂದು ಕಾಯದೆ ಹೇಳುತ್ತದೆ, ನಿಜ. ಆದರೆ ಫೀ ಕಟ್ಟುವ ಕೈ ಅವಳದಲ್ಲ. ಅಜ್ಜಿಗೆ ಹುಷಾರಿಲ್ಲ, ಅತ್ತಿಗೆಯ ಬಾಣಂತನ, ತಮ್ಮನ ಪರೀಕ್ಷೆ ಎಂದು ಅವಳ ವರ್ಷವನ್ನು ಕೇಳುವ ಮನೆಗಳಿವೆ. ಪಾಲಕರೇ, ಆ ವರ್ಷವನ್ನು ಕೇಳಬೇಡಿರಿ. ಮನೆಯ ಕೆಲಸಕ್ಕೆ ಜನ ಬೇಕಾದರೆ ಗಂಡುಮಗನ ಒಂದು ವರ್ಷವನ್ನು ಕೇಳಿ ನೋಡಿರಿ. ಅವನ ಓದನ್ನು ನಿಲ್ಲಿಸಲಾಗದೆಂದು ನಿಮಗೇ ಹೊಳೆಯುವದು, ಹೊಳೆದ ಕಾರಣವು ಅವಳಿಗೂ ಸಲ್ಲುವದು.

ಇಷ್ಟೆಲ್ಲ ವಿಚಾರಿಸಿಯೂ ಬಿಡಲೇಬೇಕಾದವರು ಕೆಲಸವನ್ನು ಕ್ರಮದಿಂದ ಮಾಡತಕ್ಕದ್ದು. ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಬೇಕು. ಅದರಲ್ಲಿ ಕಾರಣ, ಬಿಡುವ ದಿನ, ಮರಳುವ ಸೆಮಿಸ್ಟರು ಸ್ಪಷ್ಟವಾಗಿರಬೇಕು. ನಿಮ್ಮ ಪ್ರತಿಯ ಮೇಲೆ ಕಚೇರಿಯ ಶಿಕ್ಕಾ, ತಾರೀಖು, ಸಹಿ ಹಾಕಿಸಿಕೊಳ್ಳಬೇಕು. ಅನುಮತಿಯು ಕಾಗದದಲ್ಲಿ ಬರುವವರೆಗೆ ಟಿ. ಸಿ. ಯನ್ನು ಕೈಯಿಂದ ಮುಟ್ಟಬೇಡಿರಿ. ಬರೆದ ಪರೀಕ್ಷೆಗಳ ಅಂಕಪಟ್ಟಿಗಳನ್ನೂ ಫೀ ಪಾವತಿಗಳನ್ನೂ ಒಂದೆಡೆ ಕಟ್ಟಿಡಿರಿ. ಬ್ಯಾಂಕಿನ ಶಿಕ್ಷಣಸಾಲವಿದ್ದರೆ ಬ್ಯಾಂಕಿಗೂ ಮೊದಲೇ ಬರೆದು ಉತ್ತರ ಪಡೆಯಿರಿ. ಓದು ನಿಂತಿತೆಂದು ಅವರು ಭಾವಿಸಿದರೆ ಕಂತಿನ ಲೆಕ್ಕವು ನಿಮಗಿಂತ ಮುಂಚೆ ಆರಂಭವಾದೀತು.

ಅಧ್ಯಾಪಕ ಮಹಾಶಯರಲ್ಲಿ ಒಂದು ಬಿನ್ನಹ. ಹೀಗೆ ಹೋದವರ ಹೆಸರುಗಳನ್ನು ನಿಮ್ಮ ವಹಿಯಲ್ಲಿ ಬರೆದಿಟ್ಟುಕೊಂಡು ಏಪ್ರಿಲ್ ತಿಂಗಳಲ್ಲಿ ಒಂದು ಸಲ ಅವರ ಮನೆಗೆ ಫೋನು ಮಾಡಿರಿ. ‘ಪ್ರವೇಶ ಆರಂಭವಾಗುತ್ತದೆ, ಬರುತ್ತೀಯಲ್ಲ?’ ಎಂದು ಕೇಳಿದರೆ ಸಾಕು. ಶರಚ್ಚಂದ್ರ ಬೋಸರಂಥ ಅಣ್ಣನು ಎಲ್ಲರ ಮನೆಯಲ್ಲಿಯೂ ಇರುವದಿಲ್ಲ. ಅರ್ಜಿಯ ಒಕ್ಕಣೆಯಲ್ಲಿ ಸಂಶಯವಿದ್ದವರು ಸಭೆ ಮುಗಿದ ಮೇಲೆ ನಮ್ಮನ್ನು ಇಲ್ಲಿಯೇ ಕಾಣಬಹುದು. ಕಾಗದ ಲೆಕ್ಕಣಿಗಳನ್ನು ತಂದೇ ಬಂದಿದ್ದೇವೆ.