ಹೊರಟು ಬಂದವಳಿಗೆ ಒಂದು ಕಲ್ಯಾಣ ಬೇಕು
(ಮೋರಖಂಡಿಯಲ್ಲಿ ನೀಡಿದ ಉಪನ್ಯಾಸ)



ನಾನು ಸರ್ಕಾರಿ ಇಂಜಿನಿಯರಾಗಿ ನಿವೃತ್ತನಾದವನು. ತಡೆಗೋಡೆ ಕಟ್ಟುವಾಗ ಹಿಂದೆ ನಿಂತ ನೀರು ಹರಿದುಹೋಗಲು ಕಿಂಡಿ ಬಿಡುತ್ತೇವೆ. ಬಿಡದಿದ್ದರೆ ಎಂಥ ಗೋಡೆಯೂ ಒಂದು ಮಳೆಗಾಲ ಕುಸಿಯುತ್ತದೆ. ಇದು ಗೊತ್ತಿದ್ದ ನಾನೇ ನನ್ನ ತಂಗಿಯ ಬಾಳಿನ ಕಿಂಡಿಗಳನ್ನೆಲ್ಲ ಮುಚ್ಚಿದೆ.

ಗಂಡ ಹೊಡೆಯುತ್ತಿದ್ದ. ಆಕೆ ಮೂರು ಸಲ ತವರಿಗೆ ಬಂದಳು. ಮೂರು ಸಲವೂ "ಸಹಿಸಿಕೊಳ್ಳವ್ವ" ಎಂದು ನಾನೇ ಮರಳಿ ಬಿಟ್ಟು ಬಂದೆ. ಅವನ ಕುಡಿತದ ಸಾಲವನ್ನೂ ತೀರಿಸಿದೆ. ಕಡೆಗೆ ನನಗೆ ಬುದ್ಧಿ ಬಂದು "ಬಿಟ್ಟು ಬಾ" ಎಂದಾಗ ಆಕೆಯೇ ಒಪ್ಪಲಿಲ್ಲ. "ಅಣ್ಣಾ, ನಾ ಇಲ್ಲಂದ್ರ ಅವರಿಗಿ ಯಾರ್ ನೋಡ್ತಾರ?" ಎಂದಳು. ಅವನು ಹೊಡೆದರೆ ತನ್ನ ತಪ್ಪು, ನಕ್ಕರೆ ತನ್ನ ಪುಣ್ಯ. ಪೆಟ್ಟಿಗಿಂತ ಈ ಕಟ್ಟು ಬಿಗಿಯಾದದ್ದು. ಅದಕ್ಕೆ ನಾವು ಪತಿಭಕ್ತಿ ಎಂದು ಹೆಸರಿಟ್ಟಿದ್ದೇವೆ.

ಅಕ್ಕಮಹಾದೇವಿಯನ್ನು ಪೂಜಿಸುತ್ತೇವೆ, ಆಕೆ ಮಾಡಿದ್ದನ್ನು ಮರೆಯುತ್ತೇವೆ. ಹರಿಹರನ ರಗಳೆಯಲ್ಲಿ ಆಕೆ ಕೌಶಿಕನಿಗೆ ಷರತ್ತು ಹಾಕಿದಳು. ಅವನು ಮೂರು ಸಲ ಮುರಿದ ಮೇಲೆ ಅರಮನೆ ಬಿಟ್ಟು ನಡೆದಳು. ಮುಂದೆ, ಇಲ್ಲಿಗೆ ಹತ್ತಿರದ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಕಠಿಣವಾಗಿ ಪ್ರಶ್ನಿಸಿದರು, ನಿಜ. ಆದರೆ "ಗಂಡನ ಬಳಿಗೆ ಹೋಗು" ಎನ್ನಲಿಲ್ಲ. ಶರಣರು ಆಕೆಯನ್ನು ಅಕ್ಕ ಎಂದು ಕರೆದರು.

ನಾಲ್ಕನೆಯ ಸಲ ತಂಗಿ ಬಂದಾಗ ನನ್ನ ಮನೆಯವರು ಏನೂ ಕೇಳದೆ ಒಂದು ಕೋಣೆ ಬಿಟ್ಟುಕೊಟ್ಟರು. ತಿಂಗಳುಗಟ್ಟಲೆ ಆಕೆ ಫೋನ್ ಸದ್ದಿಗೆ ಬೆಚ್ಚುತ್ತಿದ್ದಳು. ರೊಟ್ಟಿ ಬಡಿಯುವಾಗ ಅವನ ಪಾಲನ್ನೂ ಎಣಿಸುತ್ತಿದ್ದಳು. ಎರಡು ಸಲ ಹೊರಟು ನಿಂತಳು. ನಾವು ಬೈಯಲಿಲ್ಲ, ಬಾಗಿಲೂ ಹಾಕಲಿಲ್ಲ. ಮೆಲ್ಲಗೆ ಹೊಲಿಗೆ ಕಾಯಕ ಹಿಡಿದಳು. ದುಡಿದ ಹಣ ಆಕೆಯದೇ ಪಾಸ್‌ಬುಕ್ಕಿಗೆ ಹೋಯಿತು. ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಕೂತರೆ ಯಾರ ಕೂಗಿಗೂ ಏಳಬೇಕಿರಲಿಲ್ಲ. ಒಂದು ದಿನ "ಅಣ್ಣಾ, ಅವರ ಕುಡಿತ ನನ್ನ ತಪ್ಪಲ್ಲ" ಎಂದಳು. ಅಂದು ವಾಸಿಯಾಗತೊಡಗಿತು ಎಂದುಕೊಂಡೆ.

ಕೌಟುಂಬಿಕ ದೌರ್ಜನ್ಯ ತಡೆಗೆ 2005ರ ಕಾಯ್ದೆಯಿದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿರುವ ಹಕ್ಕುಂಟು. ಹೊಡೆಯದಂತೆ ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆಯಬಹುದು. ಮಹಿಳಾ ಸಹಾಯವಾಣಿ 181. ಆದರೆ ಕಾಯ್ದೆಗಿಂತ ಮೊದಲು ತವರಿನ ಬಾಗಿಲು ತೆರೆಯಬೇಕು. ಅಣ್ಣತಮ್ಮಂದಿರೇ, ನಿಮ್ಮ ಮಗಳೋ ತಂಗಿಯೋ ಮೊದಲ ಸಲ ಬಂದಾಗಲೇ ಒಳಗೆ ಕರೆಯಿರಿ. ನಾನು ತಡಮಾಡಿದೆ. ನೀವು ಮಾಡಬೇಡಿ.