ಮನೆಯಲ್ಲಿ ಉಳಿಯದ ಕಾಗದ: ಬೆಂಗಳೂರು ದಂಡಿನ ತಿಥಿ ಪತ್ರಿಕೆಗಳು

ಸಾವಿನ ಸುದ್ದಿಯನ್ನೂ ಅನಂತರದ ಕ್ರಿಯಾಕರ್ಮಗಳ ದಿನ, ಸ್ಥಳಗಳನ್ನೂ ಬಂಧುಬಳಗಕ್ಕೆ ತಿಳಿಸಲು ಅಚ್ಚು ಹಾಕಿಸುವ ಕಾಗದಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಉತ್ತರಕ್ರಿಯೆಯ ಪತ್ರಿಕೆ, ವೈಕುಂಠ ಸಮಾರಾಧನೆಯ ಆಹ್ವಾನ, ಶಿವಗಣಾರಾಧನೆಯ ಪತ್ರಿಕೆ ಎಂದು ಮನೆತನದ ಆಚಾರಕ್ಕೆ ತಕ್ಕಂತೆ ಹೆಸರು ಬದಲಾಗುತ್ತದೆ, ಆಡುಮಾತಿನಲ್ಲಿ ಮಾತ್ರ ಎಲ್ಲವೂ ತಿಥಿ ಕಾರ್ಡೇ. 1809ರಲ್ಲಿ ಬ್ರಿಟಿಷ್ ಸೇನೆ ಹಲಸೂರಿನ ಬಳಿ ನೆಲೆಯೂರಿದಾಗ ಬೆಳೆದ, ಜನ ಇಂದಿಗೂ ದಂಡು ಎಂದು ಕರೆಯುವ ಪ್ರದೇಶದಲ್ಲಿ ಈ ಪಟ್ಟಿ ಇನ್ನಷ್ಟು ಉದ್ದವಾಗುತ್ತದೆ: ತಮಿಳು ಮನೆಗಳವರು ಗೋಡೆಗೆ ಅಂಟಿಸುವ ‘ಕಣ್ಣೀರ್ ಅಂಜಲಿ’, ಕ್ಯಾಥೊಲಿಕರು ಪೂಜೆಯ ಬಳಿಕ ಹಂಚುವ ಅಂಗೈಯಗಲದ ನೆನಪಿನ ಕಾರ್ಡು, ಪ್ರಾಟೆಸ್ಟಂಟ್ ಸಭೆಗಳ ಅಂತ್ಯಕ್ರಿಯೆಯ ಆರಾಧನಾ ಕ್ರಮ, ಮುಸ್ಲಿಂ ಮನೆಗಳ ನಲವತ್ತನೆಯ ದಿನದ, ಎಂದರೆ ಚೆಹಲುಮ್ಮಿನ, ಕರೆಯೋಲೆ.

ಈ ಕಾಗದಗಳಲ್ಲಿ ಹೆಚ್ಚಿನವು ಉಳಿಯದಿರುವುದಕ್ಕೆ ಹುಳು, ಮಳೆಗಳಿಗಿಂತ ಹಿರಿದಾದ ಕಾರಣವೊಂದಿದೆ. ಮದುವೆಯ ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿ ದೇವರ ಮುಂದಿಡುವ ಮನೆಯವರೇ ಸಾವಿನ ಪತ್ರಿಕೆಯನ್ನು ಓದಿದೊಡನೆ ಹರಿದು ಹೊರಗೆ ಹಾಕುತ್ತಾರೆ, ಏಕೆಂದರೆ ಸೂತಕದ ಕಾಗದ ಮನೆಯೊಳಗೆ ಇರಬಾರದು. ಈ ನಂಬಿಕೆಯನ್ನು ಮೂಢತನವೆಂದು ತಳ್ಳಿಹಾಕುವ ಸಂಗ್ರಾಹಕನಿಗೆ ಒಂದು ಕಾರ್ಡೂ ಸಿಗುವುದಿಲ್ಲ. ಕ್ಯಾಥೊಲಿಕರ ಕಾರ್ಡುಗಳಿಗೆ ಈ ಗತಿ ಬಾರದಿರುವುದಕ್ಕೆ ಅವರಲ್ಲಿ ಆ ಅಂಜಿಕೆಯಿಲ್ಲದಿರುವುದು ಒಂದು ಕಾರಣವಾದರೆ, ಕಾರ್ಡಿನ ಅಳತೆ ಇನ್ನೊಂದು. ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೆ ನಡೆದುಕೊಳ್ಳುವ ಹಳೆಯ ಮನೆಗಳ ಪ್ರಾರ್ಥನಾ ಪುಸ್ತಕಗಳ ಹಾಳೆಗಳ ನಡುವೆ ಅವು ಸುಮ್ಮನೆ ಕುಳಿತು ದಶಕಗಳನ್ನು ಕಳೆದಿರುತ್ತವೆ.

ಬೇರೆ ಬಗೆಯ ದಾಖಲೆಗಳು ದಂಡಿನ ಎಲ್ಲರಿಗೂ ಒಂದೇ ತೆರನಾಗಿ ಉಳಿದಿಲ್ಲ. ಇಲ್ಲಿ ಸತ್ತ ಯುರೋಪಿಯನ್ ಸೈನಿಕನ ಹೆಸರನ್ನು ಚರ್ಚಿನ ಪಾದ್ರಿ ಬರೆದಿಟ್ಟ ಸಮಾಧಿ ದಾಖಲೆ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯ ಮದ್ರಾಸ್ ದಾಖಲೆಗಳಲ್ಲಿ ಸಿಗುತ್ತದೆ. ಗುತ್ತಿಗೆದಾರರಾಗಿ ಬೆಳೆದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರಂಥವರ ಹೆಸರು ಅವರು ಕಟ್ಟಿಸಿದ ಶಾಲೆಗಳಲ್ಲಿ ನಿಂತಿದೆ. ಆದರೆ ಅದೇ ಸೇನೆಯ ಬೆನ್ನಿಗೆ ಆರ್ಕಾಟು, ವೆಲ್ಲೂರು, ಚಿತ್ತೂರುಗಳ ಕಡೆಯಿಂದ ಬಂದ ಅಡಿಗೆಯವರು, ಅಗಸರು, ಗಾರೆಯವರು, ಗಾಡಿಯವರು ಇವರ ಮನೆತನಗಳ ಕಥೆಯನ್ನು ಯಾರೂ ಬರೆಯಲಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ದೊರೆಯುವ ಮರಣ ಪತ್ರದಲ್ಲಿ ಸತ್ತವರ ಹೆಸರು, ದಿನಾಂಕ, ತಂದೆ ಅಥವಾ ಗಂಡನ ಹೆಸರು ಇರುತ್ತವೆಯೇ ಹೊರತು ಅಳಿಯ ಯಾವೂರಿನವನು, ಸೊಸೆ ಯಾವ ಮನೆಯವಳು ಎಂಬುದಿರುವುದಿಲ್ಲ. ಆ ವಿವರವನ್ನು ಮನೆಯವರೇ ಕೂತು ಬರೆದು ಅಚ್ಚಿಗೆ ಕೊಡುವ ಪತ್ರಗಳು ಎರಡೇ, ಮದುವೆಯದು ಮತ್ತು ತಿಥಿಯದು. ಇವೆರಡರಲ್ಲಿ ಮೂರು ತಲೆಮಾರು ಒಟ್ಟಿಗೆ ಸಾಲಾಗಿ ನಿಲ್ಲುವುದು ಎರಡನೆಯದರಲ್ಲಿ.

ಹಲಸೂರಿನ ತಮಿಳು ಮನೆಯೊಂದರ ಹದಿನಾರನೆಯ ದಿನದ, ಎಂದರೆ ಕರುಮಾದಿಯ, ಕಾರ್ಡನ್ನು ಹತ್ತಿರದಿಂದ ನೋಡಬಹುದು. ಮೇಲೆ ಕುಲದೇವರ ಹೆಸರು, ಅದರ ಕೆಳಗೆ ಮೃತರ ಭಾವಚಿತ್ರ, ಎರಡೂ ಬದಿಗೆ ಹುಟ್ಟಿದ ಮತ್ತು ತೀರಿದ ದಿನಗಳು. ಹೆಸರಿನ ಹಿಂದಿನ ಒಂದಕ್ಷರ ಸಾಮಾನ್ಯವಾಗಿ ತಂದೆಯ ಹೆಸರಿನದು, ಹಳೆಯ ತಲೆಮಾರಿನಲ್ಲಿ ಕೆಲವೊಮ್ಮೆ ಊರಿನದು. ಮನೆ ಬಿಟ್ಟು ಬಂದ ಹಳ್ಳಿಯ ಗುರುತು ಎಷ್ಟೋ ಕುಟುಂಬಗಳಲ್ಲಿ ಈ ಒಂದಕ್ಷರದಷ್ಟೇ ಉಳಿದಿರುತ್ತದೆ. ಹೆಸರಿನ ಮುಂದೆ ಕಂಸದಲ್ಲಿ ‘ನಿವೃತ್ತ, ಎಚ್.ಎ.ಎಲ್.’ ಎಂದೋ ‘ಐ.ಟಿ.ಐ.’ ಎಂದೋ ‘ಎನ್.ಜಿ.ಇ.ಎಫ್.’ ಎಂದೋ ಇರುತ್ತದೆ. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ದಾರಿಯಲ್ಲಿ ಬಂದ ದೂರವಾಣಿ ಕಾರ್ಖಾನೆ, ಬೈಯಪ್ಪನಹಳ್ಳಿಯ ವಿದ್ಯುತ್ ಉಪಕರಣಗಳ ಕಾರ್ಖಾನೆ ಇವು ದಂಡಿನ ಕೂಲಿಯ ಮೊಮ್ಮಗನನ್ನು ಸಂಬಳದವನನ್ನಾಗಿ ಮಾಡಿದ ಕಥೆ ಆ ಕಂಸದೊಳಗಿದೆ. ಕೆಳಗೆ ಮಕ್ಕಳು, ಸೊಸೆಯರು, ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು. ಅದೇ ಮನೆಯ ಮೂವತ್ತು ವರ್ಷ ಹಿಂದಿನ ಕಾರ್ಡನ್ನು ಪಕ್ಕದಲ್ಲಿಟ್ಟರೆ ವಿಳಾಸ ಹಲಸೂರಿನ ಓಣಿಯಿಂದ ಇಂದಿರಾನಗರಕ್ಕೋ ಕೆ.ಆರ್. ಪುರಕ್ಕೋ ಸರಿದಿರುವುದೂ, ಬರೀ ತಮಿಳಿದ್ದಲ್ಲಿ ಇಂಗ್ಲಿಷೂ ಆಮೇಲೆ ಕನ್ನಡವೂ ಬಂದಿರುವುದೂ ಕಾಣಸಿಗುವುದುಂಟು. 1947ರ ಜುಲೈವರೆಗೆ ಬ್ರಿಟಿಷರ ಆಡಳಿತದಲ್ಲಿದ್ದು, 1949ರಲ್ಲಷ್ಟೇ ಹಳೆಯ ಬೆಂಗಳೂರು ಪೇಟೆಯೊಡನೆ ಒಂದೇ ನಗರಪಾಲಿಕೆಗೆ ಸೇರಿದ ನೆಲದಲ್ಲಿ ಕನ್ನಡ ಮನೆಯೊಳಗೆ ಬಂದ ಬಗೆಯನ್ನು ಅರಿಯಲು ಇಂಥ ಕಾರ್ಡುಗಳಿಗಿಂತ ಪ್ರಾಮಾಣಿಕ ಸಾಕ್ಷಿ ಸಿಗುವುದು ಕಷ್ಟ.

ಪ್ರಾಮಾಣಿಕವೆಂದ ಮಾತ್ರಕ್ಕೆ ಎಲ್ಲವೂ ನಿಜವೆಂದಲ್ಲ. ವಯಸ್ಸನ್ನು ಅಂದಾಜಿನಲ್ಲಿ ಹಾಕಿರುತ್ತಾರೆ, ಎರಡನೆಯ ಹೆಂಡತಿಯ ಹೆಸರು ಬಿಟ್ಟಿರುತ್ತಾರೆ, ಜಾತಿ ಬಿಟ್ಟು ಮದುವೆಯಾದ ಮಗಳು ಪಟ್ಟಿಯಲ್ಲೇ ಇರುವುದಿಲ್ಲ. ಪ್ರಾಟೆಸ್ಟಂಟ್ ಸಭೆಗಳ ಆರಾಧನಾ ಕ್ರಮದಲ್ಲಿ ಕೆಲವೊಮ್ಮೆ ಅಚ್ಚಾಗುವ ಜೀವನ ಚರಿತ್ರೆಯಲ್ಲಂತೂ ಯಾರೂ ಕೆಟ್ಟವರಲ್ಲ. ಯಾವ ಹೆಸರು ಕಾಣೆಯಾಗಿದೆ ಎಂಬುದೇ ಚರಿತ್ರಕಾರನಿಗೆ ಹಲವು ಬಾರಿ ಮುಖ್ಯ ಸುಳಿವಾಗುತ್ತದೆ. ಸಾವಿನ ಕಾಗದವನ್ನು ದಾಖಲೆಯಾಗಿ ಕಾಯ್ದಿಡುವ ದಾರಿಯಲ್ಲಿ ಅಮೆರಿಕದ ಕಪ್ಪು ಜನರ ಕುಟುಂಬಗಳು ಮುಂದಿವೆ. ಗುಲಾಮರಾಗಿದ್ದ ಹಿರಿಯರ ಹೆಸರು 1870ಕ್ಕೆ ಮುಂಚಿನ ಜನಗಣತಿಗಳಲ್ಲಿ ಇಲ್ಲದ ಕಾರಣ ಅವರು ಚರ್ಚಿನ ಅಂತ್ಯಕ್ರಿಯೆಯ ಕಿರುಹೊತ್ತಗೆಗಳನ್ನು ಮನೆತನದ ದಾಖಲೆಯಾಗಿ ಇಟ್ಟುಕೊಂಡರು, ಜಾರ್ಜಿಯ ರಾಜ್ಯದ ಡಿಜಿಟಲ್ ಗ್ರಂಥಾಲಯದಲ್ಲಿ ಇಂದು ಅವನ್ನು ಯಾರು ಬೇಕಾದರೂ ಓದಬಹುದು.

ಈಚೆಗೆ ಕಾಗದದ ಜಾಗಕ್ಕೆ ಫ್ಲೆಕ್ಸ್ ಬಂದಿದೆ, ಹದಿನಾರು ದಿನ ಬೀದಿಯ ಮೂಲೆಯಲ್ಲಿ ನಿಂತ ಭಾವಚಿತ್ರ ಮಳೆಗಾಲದಲ್ಲಿ ತಳ್ಳುಗಾಡಿಯ ಮೇಲಿನ ಹೊದಿಕೆಯಾಗುತ್ತದೆ. ವಾಟ್ಸ್ಆ್ಯಪ್ಪಿನಲ್ಲಿ ಬಂದ ಸುದ್ದಿ ಫೋನು ಕೆಟ್ಟ ದಿನ ಹೋಗುತ್ತದೆ. ಇದ್ದ ಕಾರ್ಡುಗಳ ರಕ್ಷಣೆ ದೊಡ್ಡ ಖರ್ಚಿನದಲ್ಲ: ತುಕ್ಕು ಹಿಡಿಯುವ ಪಿನ್ನು ತೆಗೆಯಬೇಕು, ಲ್ಯಾಮಿನೇಷನ್ ಮಾಡಿಸಬಾರದು, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಡಬೇಕು, ಎರಡೂ ಮುಖಗಳನ್ನು ಸ್ಕ್ಯಾನ್ ಮಾಡಬೇಕು. ಬದುಕಿರುವವರ ಫೋನ್ ನಂಬರು, ಮನೆ ವಿಳಾಸಗಳಿರುವ ಹೊಸ ಕಾರ್ಡುಗಳನ್ನು ಒಂದು ತಲೆಮಾರಿನ ಕಾಲ ಸಾರ್ವಜನಿಕರಿಗೆ ತೆರೆಯದಿರುವುದು ಲೇಸು. ಮನೆಯಲ್ಲಿ ಇಡಬಾರದೆಂಬ ಕಾಗದಕ್ಕೆ ಮನೆಯ ಹೊರಗೆ ಜಾಗ ಕಲ್ಪಿಸುವುದು ಗ್ರಂಥಾಲಯಗಳ, ಚರ್ಚುಗಳ, ಸಮುದಾಯ ಸಂಘಗಳ ಕೆಲಸ. ಬಾಗಿಲ ಬಳಿ ಒಂದು ಪೆಟ್ಟಿಗೆ ಇಟ್ಟರೂ ಆರಂಭಕ್ಕೆ ಸಾಕು. ಕಾರ್ಡು ತಂದು ಹಾಕುವವರು ಅದರ ಹಿಂಬದಿಗೆ, ಮೃತರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಹೆಸರಿನ ಹಿಂದಿನ ಅಕ್ಷರ ಯಾವ ಊರಿನದು ಅಥವಾ ಯಾರದು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಕೊಡಬೇಕೆಂದು ವಿನಂತಿ.